ಕೊಲಂಬೊ: ಮಳೆಗಾಲದ ಆರು ಭಾನುವಾರಕ್ಕೆ ಯಾವ ಆರು ಕಂತು?

ಹೇಮಾವತಿ ದಡ (ಹಾಸನ)

ಪೀಟರ್ ಫಾಕ್ ಪೊಲೀಸ್ ಪತ್ತೇದಾರನಾಗಿ ನಟಿಸಿದ ಅಮೆರಿಕನ್ ಟಿವಿ ಧಾರಾವಾಹಿ 'ಕೊಲಂಬೊ' ಅರೆದು ಕುಡಿದವರು ಇಲ್ಲಿ ಮೂರ್ನಾಲ್ಕು ಜನ ಇದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ಜುಲೈ ಮೊದಲ ಭಾನುವಾರದಿಂದ ಆರು ವಾರ, ಸಂಜೆ 5ರಿಂದ 7. ಆಮೇಲೆ ಹಳ್ಳಿ ಕಡೆ ಬಸ್ಸು ಹಿಡಿಯೋರು ಇದ್ದಾರೆ, ಹಾಗಾಗಿ 7 ಅಂದ್ರೆ 7. ಜಾಗ ಮಹಡಿ ಮೇಲಿನ ಹಾಲು, ಮೇಲೆ ಶೀಟು. ಬರೋರು ಹತ್ತು ಹನ್ನೆರಡು ಜನ. ಅರ್ಧದಷ್ಟು ಜನ ಅರವತ್ತು ದಾಟಿದವರು, ಪತ್ತೇದಾರಿ ಕಾದಂಬರಿ ಓದಿ ಬೆಳೆದವರು. ಇಂಗ್ಲಿಷ್ ಓದ್ತಾರೆ, ಆದ್ರೆ ಅಮೆರಿಕನ್ ಮಾತಿನ ವೇಗ ಹಿಡಿಯಲ್ಲ. ಯಾರೂ ಈ ಧಾರಾವಾಹಿ ನೋಡಿಲ್ಲ.

ಡಿವಿಡಿ ಸೆಟ್ ಇದೆ. ನನ್ನ ಪ್ರಶ್ನೆ ಮೂರು:

ಯಾವ ಆರು ಕಂತು, ಯಾವ ಕ್ರಮದಲ್ಲಿ? ಕನ್ನಡ ಸಬ್‌ಟೈಟಲ್ ನಾವೇ ಮಾಡ್ಕೊಳ್ಳೋದಾದ್ರೆ ಎಲ್ಲೆಲ್ಲಿ ಎಡವುತ್ತೇವೆ? ಮಧ್ಯದಲ್ಲಿ ಕರೆಂಟು ಹೋದ್ರೆ ಏನು ವ್ಯವಸ್ಥೆ?

ಕೊಲೆಗಾರ ಯಾರು ಅನ್ನೋದು ಮೊದಲೇ ತೋರಿಸ್ತಾರಲ್ಲ, ಹಾಗಾಗಿ ಅದನ್ನ ಬರೆದ್ರೆ ಪರವಾಗಿಲ್ಲ. ಕೊನೆಯ ಬಲೆ ಬರೆಯೋರು ಮೇಲೆ ಒಂದು ಸಾಲು ಎಚ್ಚರಿಕೆ ಹಾಕಿ.

ಚಾರ್ಮಾಡಿ ಮಂಜು (ಮೂಡಿಗೆರೆ)

ಎಚ್ಚರಿಕೆ: ಇದರಲ್ಲಿ ಕೊನೆಯ ಬಲೆಗಳೂ ಇವೆ. ಆಯ್ಕೆ ಮಾಡುವವರು ಓದಲಿ, ನೋಡುವವರಿಗೆ ತೋರಿಸಬೇಡಿ.

ಮೊದಲು ಜರಡಿ ಹಿಡಿಯೋಣ. 1968ರ ಮೊದಲ ಟೆಲಿಚಿತ್ರದಿಂದ 2003ರ ಜನವರಿಯ ಕೊನೆಯದ್ದರವರೆಗೆ ಒಟ್ಟು 69. ಎನ್‌ಬಿಸಿ ಚಾನೆಲಿನಲ್ಲಿ ಬಂದದ್ದು 1978ಕ್ಕೆ ನಿಂತಿತು, 1989ರಿಂದ ಎಬಿಸಿ ಚಾನೆಲಿನಲ್ಲಿ ಮತ್ತೆ ಶುರುವಾಯಿತು. ಹೊಸಬರಿಗೆ ಎಬಿಸಿ ಕಾಲದ್ದು ಮುಟ್ಟಲೇ ಬೇಡಿ. ಅದರಲ್ಲೂ 'ನೋ ಟೈಮ್ ಟು ಡೈ', 'ಅಂಡರ್‌ಕವರ್' ಎರಡೂ ಬೇರೆಯವರ ಕತೆಗೆ ಕೊಲಂಬೊನ ಕೋಟು ತೊಡಿಸಿದ ಹಾಗಿವೆ. 70ರ ದಶಕದ್ದರಲ್ಲೂ 'ಲಾಸ್ಟ್ ಸಲ್ಯೂಟ್ ಟು ದ ಕಮಡೋರ್' (1976) ಪಕ್ಕಕ್ಕಿಡಿ. ಅದು ಕೊಲೆಗಾರನನ್ನು ಬಚ್ಚಿಟ್ಟು ಆಡುವ ಕಂತು. ಉಳಿದವನ್ನು ನೋಡಿ ಪಳಗಿದವರಿಗೆ ಮಾತ್ರ ಆ ತಮಾಷೆ ದಕ್ಕುತ್ತದೆ.

ಉಳಿದವನ್ನು ಅಳೆಯಲು ನನ್ನ ಸೇರು ಒಂದೇ: ಕೊಲೆಗಾರ ತನ್ನ ಕೈಯಿಂದಲೇ ಸಿಕ್ಕಿಬೀಳಬೇಕು. ಕೊಲಂಬೊ ಏನೋ ಹುಡುಕಿ ತಂದು ಮೇಜಿನ ಮೇಲಿಟ್ಟು 'ಸಿಕ್ಕಿಬಿದ್ರಿ ಸಾರ್' ಎಂದರೆ ಅದು ಸಾಧಾರಣ ಕಂತು. ಕೊಲೆಗಾರನಿಗೆ ಮಾತ್ರ ಗೊತ್ತಿರುವ ಒಂದು ವಿಷಯವನ್ನು ಅವನೇ ಮಾಡಿ ತೋರಿಸುವಂತೆ ನೂಕಿದರೆ ಅದು ಗಟ್ಟಿ ಕಂತು. ಈ ಲೆಕ್ಕದಲ್ಲಿ:

ಮೊದಲ ವಾರ 'ಡೆತ್ ಲೆಂಡ್ಸ್ ಎ ಹ್ಯಾಂಡ್' (1971 ಅಕ್ಟೋಬರ್, ಸುಮಾರು 75 ನಿಮಿಷ). ರಾಬರ್ಟ್ ಕಲ್ಪ್ ಖಾಸಗಿ ಪತ್ತೇದಾರಿ ಸಂಸ್ಥೆಯ ಯಜಮಾನ. ಪತ್ರಿಕೆಯ ಮಾಲೀಕನ ಹೆಂಡತಿಯನ್ನು ಬ್ಲ್ಯಾಕ್‌ಮೇಲ್ ಮಾಡಲು ಹೋಗಿ, ಅವಳು ಒಪ್ಪದಾಗ ಸಿಟ್ಟಿನಲ್ಲಿ ಹೊಡೆಯುತ್ತಾನೆ, ಅವಳು ಬಿದ್ದು ಸಾಯುತ್ತಾಳೆ. ಕೊಲೆಯಾದ ಮೇಲೆ ಅವನು ಮನೆ ಒರೆಸುವುದು, ಹೆಣ ಸಾಗಿಸುವುದು ಎಲ್ಲ ಅವನ ಕನ್ನಡಕದ ಎರಡು ಗಾಜಿನಲ್ಲಿ ಎರಡು ಪುಟ್ಟ ಚಿತ್ರಗಳಾಗಿ ಓಡುತ್ತವೆ, ಮಾತಿಲ್ಲ. ನಿಮ್ಮ ಸಭೆಗೆ ಇದು ವರ: ಆ ಹೊತ್ತು ಸಬ್‌ಟೈಟಲ್ ಓದುವ ಕೆಲಸವಿಲ್ಲ, ಎಲ್ಲರೂ ಒಟ್ಟಿಗೆ ನೋಡುತ್ತಾರೆ. ಕೊನೆಯ ಬಲೆ ಕಾಂಟ್ಯಾಕ್ಟ್ ಲೆನ್ಸ್. ಸತ್ತವಳ ಒಂದು ಲೆನ್ಸ್ ನಿನ್ನ ಕಾರಿನ ಡಿಕ್ಕಿಯಲ್ಲಿ ಬಿದ್ದಿರಬಹುದು ಎಂಬ ಹುಳವನ್ನು ಕೊಲಂಬೊ ಬಿಡುತ್ತಾನೆ. ಕಾರು ಆಗಲೇ ಕೆಟ್ಟು ಗ್ಯಾರೇಜಿನಲ್ಲಿದೆ. ರಾತ್ರಿ ಕದ್ದು ಹೋಗಿ ಡಿಕ್ಕಿ ತಡಕುವವನು ಯಾರು? ಕಾರು ಅಷ್ಟು ಸರಿಯಾದ ಹೊತ್ತಿಗೆ ಕೆಟ್ಟದ್ದು ಹೇಗೆ ಎಂಬುದಕ್ಕೆ ಕಡೇ ನಿಮಿಷದಲ್ಲಿ ಉತ್ತರವಿದೆ: ಸೈಲೆನ್ಸರ್ ಕೊಳವೆಯಲ್ಲಿ ಒಂದು ಆಲೂಗಡ್ಡೆ. ಹಾಸನದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಎಲ್ಲಿದೆ ಹೇಳಿ.

ಎರಡನೇ ವಾರ 'ಸೂಟಬಲ್ ಫಾರ್ ಫ್ರೇಮಿಂಗ್' (1971 ನವೆಂಬರ್, ಅಷ್ಟೇ ಉದ್ದ). ಕಲಾ ವಿಮರ್ಶಕನೊಬ್ಬ ಚಿತ್ರಗಳ ಸಂಗ್ರಹಕ್ಕಾಗಿ ತನ್ನ ಅಂಕಲ್‌ನನ್ನೇ ಕೊಲ್ಲುತ್ತಾನೆ. ಹೆಣದ ಮೇಲೆ ವಿದ್ಯುತ್ ಕಂಬಳಿ ಹೊದಿಸಿ ಮೈ ಬಿಸಿ ಆರದಂತೆ ಮಾಡಿ ಸಾವಿನ ಹೊತ್ತನ್ನು ಮುಂದಕ್ಕೆ ತಳ್ಳುತ್ತಾನೆ. ಇವನು ಪ್ರದರ್ಶನದಲ್ಲಿ ಹತ್ತು ಜನರ ಕಣ್ಣಿಗೆ ಬಿದ್ದಿರುವಾಗ ಅತ್ತ ಜೊತೆಗಾರ್ತಿ ಗುಂಡು ಹಾರಿಸಿ ಸದ್ದು ಮಾಡುತ್ತಾಳೆ. ಕೊನೆಗೆ ಕದ್ದ ಚಿತ್ರಗಳನ್ನು ಆಂಟಿಯ ಮನೆಯಲ್ಲಿಟ್ಟು ತಪ್ಪು ಅವಳ ತಲೆಗೆ ಕಟ್ಟುತ್ತಾನೆ. ಕಡೇ ಒಂದು ನಿಮಿಷದಲ್ಲಿ ಕೊಲಂಬೊ ಜೇಬಿನಿಂದ ಕೈ ಹೊರತೆಗೆಯುವುದು ಇಡೀ ಧಾರಾವಾಹಿಯ ಅತ್ಯಂತ ಚೊಕ್ಕ ಮುಕ್ತಾಯ. ಬೆರಳಚ್ಚು ಯಾರದು, ಯಾವಾಗ ಬಿತ್ತು, ಕೈಯಲ್ಲಿ ಏನಿದೆ: ಮೂರೇ ಮೆಟ್ಟಿಲು. ಕಂತು ಅಲ್ಲೇ ಮುಗಿಯುತ್ತದೆ. ಯಾರೂ ತಕ್ಷಣ ಲೈಟು ಹಾಕಬಾರದು ಎಂದು ಮೊದಲೇ ತಾಕೀತು ಮಾಡಿ.

ಮೂರು 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್' (1973, ಸುಮಾರು 95 ನಿಮಿಷ). ಡೊನಾಲ್ಡ್ ಪ್ಲೆಸೆನ್ಸ್ ವೈನ್ ತಯಾರಕ. ಜಾಗ ಮಾರಲು ಹೊರಟ ಮಲತಮ್ಮನ ತಲೆಗೆ ಹೊಡೆದು, ಕಟ್ಟಿ, ನೆಲಮಾಳಿಗೆಯಲ್ಲಿ ಬಿಟ್ಟು, ಗಾಳಿಯಂತ್ರ ಆರಿಸಿ ನ್ಯೂಯಾರ್ಕಿಗೆ ಹೋಗುತ್ತಾನೆ. ಅವನು ಅತ್ತ ಹೋದಾಗ ಇತ್ತ ಬಿಸಿಲು ಏರುತ್ತದೆ, ತಂಪು ತಪ್ಪಿದ ನೆಲಮಾಳಿಗೆಯಲ್ಲಿ ವೈನ್ ಕೆಡುತ್ತದೆ. ಕೊಲಂಬೊಗೆ ಅದನ್ನು ನಾಲಗೆಯಿಂದ ಹಿಡಿಯುವ ಶಕ್ತಿಯಿಲ್ಲ. ಹಿಡಿಯಬಲ್ಲ ನಾಲಗೆ ಕೊಲೆಗಾರನದೇ. ಊಟಕ್ಕೆ ಕರೆದು ಅವನ ನೆಲಮಾಳಿಗೆಯ ಬಾಟಲಿಯನ್ನೇ ಅವನ ಮುಂದೆ ಸುರಿಸುತ್ತಾನೆ. 'ಈ ವೈನ್ ಬಿಸಿಗೆ ಹಾಳಾಗಿದೆ' ಎಂದು ಹೋಟೆಲಿನವರ ಮೇಲೆ ಕೂಗಾಡುವ ಅಪರಾಧಿ ತನ್ನ ಮೇಲೆ ತಾನೇ ತೀರ್ಪು ಬರೆಯುತ್ತಾನೆ. ಕಾಫಿ ಕಪ್ಪಿಂಗ್ ಮಾಡುವ, ಒದ್ದೆಯಾದ ಮೂಟೆಯ ಬೀಜವನ್ನು ಒಂದು ಚಮಚದಲ್ಲಿ ಪತ್ತೆ ಹಚ್ಚುವ ಬಾಳೆಹೊನ್ನೂರು, ಕೊಪ್ಪ ಕಡೆಯವರು ಸಭೆಯಲ್ಲಿದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು 'ಎ ಸ್ಟಿಚ್ ಇನ್ ಕ್ರೈಮ್' (1973, 75 ನಿಮಿಷ). ಲಿಯೊನಾರ್ಡ್ ನಿಮೊಯ್ ಹೃದಯ ಶಸ್ತ್ರವೈದ್ಯ. ಕೃತಕ ಕವಾಟವನ್ನು ಕರಗದ ದಾರದಲ್ಲಿ ಹೊಲಿಯಬೇಕು. ಇವನು ಹಿರಿಯ ಸಹೋದ್ಯೋಗಿಗೆ ಕರಗುವ ದಾರ ಹಾಕುತ್ತಾನೆ. ಕೆಲವು ದಿನ ಎಲ್ಲ ಸರಿಯಿರುತ್ತದೆ, ಆಮೇಲೆ ಹೊಲಿಗೆ ಬಿಟ್ಟರೆ 'ಪಾಪ, ಹೃದಯ ತಡೆಯಲಿಲ್ಲ'. ಉಳಿದ ಕಂತುಗಳಲ್ಲಿ ಕೊಲೆ ಆಗಿಹೋಗಿರುತ್ತದೆ. ಇಲ್ಲಿ ಒಂದು ಕೊಲೆ ಇನ್ನೂ ನಡೆಯುತ್ತಲೇ ಇದೆ, ಗಡಿಯಾರ ಓಡುತ್ತಿದೆ.

ಐದು 'ಎ ಫ್ರೆಂಡ್ ಇನ್ ಡೀಡ್' (1974, 95 ನಿಮಿಷ). ಕೊಲೆಗಾರ ಕೊಲಂಬೊನ ಮೇಲಧಿಕಾರಿಯೇ. ನೆರೆಮನೆಯವನು ಹೆಂಡತಿಯನ್ನು ಕೊಂದದ್ದನ್ನು ಕಳ್ಳತನದಂತೆ ಕಾಣಿಸಿ ಮುಚ್ಚುತ್ತಾನೆ, ಆಮೇಲೆ ಅದೇ 'ಕಳ್ಳ'ನ ಹೆಸರಲ್ಲಿ ತನ್ನ ಹೆಂಡತಿಯನ್ನೂ ಮುಗಿಸುತ್ತಾನೆ. ಈಜುಕೊಳದಲ್ಲಿ ಸಿಕ್ಕ ಹೆಣದ ಶ್ವಾಸಕೋಶದಲ್ಲಿ ಸೋಪಿನ ನೀರು! ಇದನ್ನು ನಾಲ್ಕು ಕಂತು ನೋಡಿದ ಮೇಲೇ ತೋರಿಸಬೇಕು. ಕೊಲಂಬೊ ಎಷ್ಟು ತಗ್ಗಿ ನಡೆಯುವವನು ಅನ್ನೋದು ರೂಢಿಯಾದ ಮೇಲೆ, ಅವನು ಸಾಹೇಬರನ್ನೇ ಬಲೆಗೆ ಕರೆದೊಯ್ಯುವಾಗ ಮೈ ಜುಮ್ಮೆನ್ನುತ್ತದೆ.

ಆರು 'ಟ್ರೈ ಅಂಡ್ ಕ್ಯಾಚ್ ಮಿ' (1977, 75 ನಿಮಿಷದೊಳಗೆ). ರುತ್ ಗಾರ್ಡನ್ ಪತ್ತೇದಾರಿ ಕಾದಂಬರಿಗಾರ್ತಿ, ಎಂಬತ್ತರ ಆಸುಪಾಸಿನ ಅಜ್ಜಿ. ತನ್ನ ಒಡಹುಟ್ಟಿದವರ ಮಗಳನ್ನು ಅವಳ ಗಂಡನೇ ಕೊಂದ ಎಂದು ನಂಬಿ ಅವನನ್ನು ಗಾಳಿಯಾಡದ ತಿಜೋರಿ ಕೋಣೆಯಲ್ಲಿ ಹಾಕಿ ಬಾಗಿಲೆಳೆಯುತ್ತಾಳೆ. ಉಸಿರು ಕಟ್ಟಿ ಸಾಯುವವನು ಒಳಗಿಂದಲೇ ಸಾಕ್ಷ್ಯ ಬಿಟ್ಟು ಹೋಗಿದ್ದಾನೆ. ಸುಟ್ಟ ಬೆಂಕಿಕಡ್ಡಿ, ಬೆಲ್ಟಿನ ಬಕ್ಕಲ್ಲಿನಿಂದ ಕೆರೆದ ಗೀರು, ಬಲ್ಬಿನ ಹೋಲ್ಡರ್. ಎಲ್ಲಿ ಏನಿದೆ ಎಂದು ನಿಮ್ಮ ಹಿರಿಯರು ತಾವೇ ಕಂಡುಹಿಡಿಯಲಿ.

ಒಂದು ಸೂಚನೆ. ಮೊದಲ ದಿನ 'ಹೀರೊ ಎಲ್ಲಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ, ಏಕೆಂದರೆ ಕೊಲಂಬೊ ಹದಿನೈದು ಇಪ್ಪತ್ತು ನಿಮಿಷ ಬರುವುದೇ ಇಲ್ಲ. ಅಲ್ಲಿವರೆಗೂ ಕೊಲೆಗಾರನೇ ನಾಯಕ. ಇದನ್ನು ಒಂದು ಮಾತಲ್ಲಿ ಹೇಳಿಬಿಡಿ. ಕಾಫಿ ವಿರಾಮ 75 ನಿಮಿಷದ್ದಕ್ಕೆ ಬೇಡ. 95ರದ್ದಕ್ಕೆ ಕೊಲೆಯಾದ ಕೂಡಲೇ ನಿಲ್ಲಿಸಬೇಡಿ. ಕೊಲಂಬೊ ಬಾಗಿಲವರೆಗೂ ಹೋಗಿ ತಿರುಗಿ 'ಇನ್ನೊಂದೇ ಒಂದು ವಿಷ್ಯ ಸಾರ್' ಎನ್ನುತ್ತಾನಲ್ಲ, ಸುಮಾರು 50ನೇ ನಿಮಿಷದ ಆಸುಪಾಸಿನಲ್ಲಿ ಅಂಥದ್ದೊಂದು ಹುಡುಕಿ ಅಲ್ಲಿ ನಿಲ್ಲಿಸಿ.

ಗಿರಿಶ್ರೇಣಿ (ಚಿಕ್ಕಮಗಳೂರು)

'ಮರ್ಡರ್ ಬೈ ದ ಬುಕ್' ಬಿಟ್ಟಿದ್ದೀರಲ್ಲ? 1971ರ ಸೆಪ್ಟೆಂಬರ್ 15, ಸರಣಿಯಾಗಿ ಶುರುವಾದಾಗಿನ ಮೊದಲ ಕಂತು, ನಿರ್ದೇಶನ ಸ್ಟೀವನ್ ಸ್ಪೀಲ್‌ಬರ್ಗ್. ಆರಂಭದಲ್ಲಿ ಸಂಗೀತವೇ ಇಲ್ಲ, ಟೈಪ್‌ರೈಟರಿನ ಕಟಕಟ ಸದ್ದಿನ ಮೇಲೆ ಕಾರು ಬರುವ ದೃಶ್ಯ. ಅದನ್ನು ಬಿಟ್ಟು ಪಟ್ಟಿ ಮಾಡೋದು ಸರಿಯಲ್ಲ.

ಚಾರ್ಮಾಡಿ ಮಂಜು (ಮೂಡಿಗೆರೆ)

ಕ್ಯಾಮೆರಾ ಕೆಲಸಕ್ಕೆ ನೂರಕ್ಕೆ ನೂರು. ಫೋನಿನ ಉಪಾಯವೂ ಜಾಣತನದ್ದು: ಜೊತೆ ಬರಹಗಾರನನ್ನು ದೂರದ ಮನೆಗೆ ಕರೆದೊಯ್ದು, ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿಸಿ 'ಆಫೀಸಿನಲ್ಲಿದ್ದೇನೆ' ಅನ್ನಿಸಿ, ಆ ತಂತಿಯ ಮೇಲೇ ಗುಂಡಿನ ಸದ್ದು ಕೇಳಿಸುವುದು. ಆದರೆ ಮುಗಿಯುವುದು ಹೇಗೆ? ಸತ್ತವನು ಬರೆದಿಟ್ಟ ಒಂದು ಕತೆಯ ಹೊಳಹು ಸಿಕ್ಕಿತು ಅಷ್ಟೇ. ಕೊಲೆಗಾರ ಸುಸ್ತಾಗಿ ಒಪ್ಪಿಕೊಂಡದ್ದರಿಂದ ಕತೆ ಮುಗಿಯಿತು. ಹೊಸಬರು 'ಇಷ್ಟೇನಾ?' ಅಂತಾರೆ. ಏಳನೇ ಭಾನುವಾರ ಸಿಕ್ಕರೆ ತೋರಿಸಿ.

ಕಡೂರು ಕರಿಕೋಟು

ಎಚ್ಚರಿಕೆ: ಕೊನೆಯ ಬಲೆಗಳ ಬಗ್ಗೆಯೇ ಬರೆಯುತ್ತಿದ್ದೇನೆ.

ಮಂಜು ಅವರ ಸೇರು ನಮ್ಮ ಕೋರ್ಟಿನ ಅಳತೆಗೂ ಹತ್ತಿರ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ನಮ್ಮಲ್ಲಿ ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 25ನೇ ಕಲಂ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಮಿಗೆ ಹೋಗಿದೆ. ಹೀಗೆ ನೋಡಿದರೆ ಕೊಲೆಗಾರ ನಿಟ್ಟುಸಿರು ಬಿಟ್ಟು 'ಹೌದು, ನಾನೇ' ಎನ್ನುವ ಕಂತುಗಳೆಲ್ಲ ನಮ್ಮ ಸೆಷನ್ಸ್ ಕೋರ್ಟಿನಲ್ಲಿ ಮೊದಲ ದಿನವೇ ಅಲುಗಾಡುತ್ತವೆ. 'ಮರ್ಡರ್ ಬೈ ದ ಬುಕ್' ಅದಕ್ಕೆ ಸರಿಯಾದ ಉದಾಹರಣೆ.

ಆದರೆ ಆರೋಪಿಯ ನಡವಳಿಕೆ ಬೇರೆ. ಘಟನೆಗೆ ಮುಂಚಿನ ಅಥವಾ ನಂತರದ ನಡತೆ ಪ್ರಸ್ತುತ ಸಂಗತಿ: ಹಳೆಯ 8ನೇ ಕಲಂ, ಈಗಿನ 6. ರಾತ್ರಿ ಗ್ಯಾರೇಜಿಗೆ ನುಗ್ಗಿ ಡಿಕ್ಕಿಯಲ್ಲಿ ಲೆನ್ಸ್ ಹುಡುಕಿದ್ದು ನಡತೆ. ಅಲ್ಲಿ ಲೆನ್ಸ್ ಇದ್ದೇ ಇರಬೇಕು ಅಂತಿಲ್ಲ, ಹುಡುಕಲು ಹೋದದ್ದೇ ಸಾಕ್ಷ್ಯ. ಅಷ್ಟರಿಂದಲೇ ಶಿಕ್ಷೆಯಾಗುತ್ತದೆ ಅಂತಲ್ಲ, ಸರಪಳಿಗೆ ಒಂದು ಗಟ್ಟಿ ಕೊಂಡಿ.

ಈ ದೃಷ್ಟಿಯಿಂದ ಪಟ್ಟಿಗೆ ಸೇರಲೇಬೇಕಾದದ್ದು 'ನೆಗೆಟಿವ್ ರಿಯಾಕ್ಷನ್' (1974, 95 ನಿಮಿಷ). ಡಿಕ್ ವ್ಯಾನ್ ಡೈಕ್ ಛಾಯಾಗ್ರಾಹಕ. ಹೆಂಡತಿಯನ್ನು ಕುರ್ಚಿಗೆ ಕಟ್ಟಿ, ಹಿಂದೆ ಗಡಿಯಾರ ಕಾಣುವಂತೆ ಫೋಟೊ ತೆಗೆದು, ಕೊಂದು, ಅಪಹರಣದ ನಾಟಕವಾಡಿ, ಜೈಲಿನಿಂದ ಬಂದ ಬಡಪಾಯಿಯೊಬ್ಬನ ತಲೆಗೆ ಕಟ್ಟುತ್ತಾನೆ. ಕೊಲಂಬೊ ಆ ಫೋಟೊವನ್ನು ಎಡಬಲ ತಿರುಗಿಸಿ ದೊಡ್ಡದು ಮಾಡಿಸುತ್ತಾನೆ. ಗಡಿಯಾರದಲ್ಲಿ ಎರಡು ಗಂಟೆಯಿದ್ದದ್ದು ಹತ್ತಾಗುತ್ತದೆ, ಅವನು ಕಟ್ಟಿಕೊಂಡ ಹೊತ್ತಿನ ರಕ್ಷಣೆ ಕುಸಿಯುತ್ತದೆ. ಮೂಲ ಪ್ರತಿ ಹಾಳಾಯಿತು ಎಂದು ಕೊಲಂಬೊ ಅನ್ನುತ್ತಾನೆ. ಗಾಬರಿಯಾದ ಕೊಲೆಗಾರ 'ನೆಗೆಟಿವ್ ಕ್ಯಾಮೆರಾದಲ್ಲೇ ಇದೆಯಲ್ಲ' ಎಂದು ಸಾಲಾಗಿಟ್ಟ ಕ್ಯಾಮೆರಾಗಳ ನಡುವೆ ನೆಟ್ಟಗೆ ಅದೊಂದಕ್ಕೇ ಕೈ ಹಾಕುತ್ತಾನೆ. ಅದನ್ನು ಗುರುತು ಹಿಡಿಯಬೇಕಾದರೆ ಫೋಟೊ ತೆಗೆದವನೇ ಆಗಿರಬೇಕು. ಆಗ ಕೊಲಂಬೊ ಮಾಡುವ ಕೆಲಸ ವಕೀಲರಿಗೆ ಮಾತ್ರ ರೋಮಾಂಚನ ತರುವಂಥದ್ದು: ಕೋಣೆಯಲ್ಲಿದ್ದ ಒಬ್ಬೊಬ್ಬ ಪೊಲೀಸಿನವನನ್ನೂ 'ನೀವು ನೋಡಿದಿರಾ?' ಎಂದು ಕೇಳಿ ಸಾಕ್ಷಿ ಮಾಡಿಕೊಳ್ಳುತ್ತಾನೆ. ನಮ್ಮಲ್ಲಾಗಿದ್ದರೆ ಇಬ್ಬರು ಸ್ವತಂತ್ರ ಪಂಚರನ್ನು ಕೂರಿಸಿಕೊಳ್ಳಬೇಕಿತ್ತು. ಎಲ್ಲ ಸಾಕ್ಷಿಗಳೂ ಇಲಾಖೆಯವರೇ ಎಂದು ಪಾಟೀ ಸವಾಲಿನಲ್ಲಿ ಅರ್ಧ ಗಂಟೆ ಎಳೆಯಬಹುದು.

'ಎ ಫ್ರೆಂಡ್ ಇನ್ ಡೀಡ್' ಇದೇ ಜಾತಿ. ಶಂಕಿತನದೆಂದು ಕೊಲಂಬೊ ಕಡತದಲ್ಲಿ ಬರೆದ ವಿಳಾಸ ಸಾಹೇಬರೊಬ್ಬರಿಗೇ ಗೊತ್ತು. ಅಲ್ಲಿ ಸಾಹೇಬರೇ ಇರಿಸಿದ ಒಡವೆ ಸಿಗುತ್ತದೆ. ಆ ಮನೆ ಯಾರದು ಎಂದು ಕೇಳಿದಾಗ ಬರುವ ಉತ್ತರಕ್ಕಾಗಿ ಇಡೀ ಕಂತು ನೋಡಬಹುದು.

ಮಂಜು ಅವರ ಪಟ್ಟಿಯಿಂದ ಒಂದನ್ನು ಕಳೆಯಬೇಕಾದರೆ 'ಸ್ಟಿಚ್ ಇನ್ ಕ್ರೈಮ್' ಕಳೆಯಿರಿ. ದಾರ ಕೊಲಂಬೊನ ಮೈಮೇಲಿನ ಬಟ್ಟೆಯಲ್ಲೇ ಸಿಗುತ್ತದೆ, ಅದನ್ನು ಅಲ್ಲಿಟ್ಟವರು ಯಾರು ಎಂದು ಯಾರೂ ನೋಡಿಲ್ಲ. ಒಳ್ಳೆಯ ವಕೀಲನಿದ್ದರೆ ವೈದ್ಯ ಮನೆಗೆ ಹೋಗುತ್ತಾನೆ.

ಚಾರ್ಮಾಡಿ ಮಂಜು (ಮೂಡಿಗೆರೆ)

ಕೋರ್ಟಿಗೆ ತೂಕ ಕಡಿಮೆ, ಒಪ್ಪಿದೆ. ಆದರೆ ಆ ಕಂತಿನಲ್ಲಿ ಕೊಲಂಬೊ ನಿಜಕ್ಕೂ ಸಿಟ್ಟಾಗುವ ದೃಶ್ಯವಿದೆ. ವೈದ್ಯ ನಗುತ್ತಾನೆ, ಇವನು ಜಗ್ಗನ್ನು ಮೇಜಿನ ಮೇಲೆ ಧಡಾರನೆ ಕುಕ್ಕುತ್ತಾನೆ. ಉಳಿದೆಲ್ಲ ಕಡೆ ತಗ್ಗಿ ಬಗ್ಗಿ ನಡೆಯುವವನು ಅಂಥ ಸಿಟ್ಟು ತೋರುವುದು ಬಲು ಅಪರೂಪ. ಹೊಸಬರು ಅದನ್ನು ನೋಡದಿದ್ದರೆ ಈ ಮನುಷ್ಯ ಬರೀ ಪೆದ್ದನ ವೇಷದವನು ಅಂದ್ಕೋತಾರೆ. ಕಳೆಯಲು ಬಿಡುವುದಿಲ್ಲ. 'ನೆಗೆಟಿವ್ ರಿಯಾಕ್ಷನ್' ಬೇಕಾದರೆ 'ಪೋರ್ಟ್' ಜಾಗಕ್ಕೆ ಹಾಕಿ, ಸಭೆಯಲ್ಲಿ ವೈನ್ ಕತೆಗೆ ಮುಖ ಸಿಂಡರಿಸುವವರಿದ್ದರೆ ಮಾತ್ರ.

ಹೇಮಾವತಿ ದಡ (ಹಾಸನ)

ಮುಖ ಸಿಂಡರಿಸೋರು ಇಬ್ಬರಿದ್ದಾರೆ, ಆದ್ರೆ ಅವರೇ ಕಾಫಿ ಬಗ್ಗೆ ಗಂಟೆಗಟ್ಟಲೆ ಮಾತಾಡೋರು. 'ಪೋರ್ಟ್' ಇರ್ಲಿ. ಸಬ್‌ಟೈಟಲ್ ಬಗ್ಗೆ ಯಾರಾದ್ರೂ ಹೇಳಿ. ಸೆಟ್ಟಿನಲ್ಲಿ ಕೆಲವು ಬ್ರಿಟನ್ ಡಿಸ್ಕು, ಕೆಲವು ಅಮೆರಿಕದ್ದು. ಇಂಗ್ಲಿಷ್ ಎಸ್‌ಆರ್‌ಟಿ (ಸಬ್‌ಟೈಟಲ್ ಫೈಲು) ಹಾಕಿದ್ರೆ ಮೊದಲು ಸರಿಯಿದ್ದು ಆಮೇಲೆ ಹಿಂದುಮುಂದಾಗುತ್ತೆ.

ಒತ್ತಕ್ಷರ (ಅರಸೀಕೆರೆ)

ಅದು ಫ್ರೇಮಿನ ಲೆಕ್ಕ. ಬ್ರಿಟನ್ನಿನ ಪಾಲ್ (ಅಲ್ಲಿನ ಟಿವಿ ಮಾದರಿ) ಡಿಸ್ಕು ಸೆಕೆಂಡಿಗೆ 25 ಫ್ರೇಮು. ಫಿಲ್ಮನ್ನು ಅದಕ್ಕೆ ಹೊಂದಿಸಲು ಶೇ 4ರಷ್ಟು ವೇಗ ಮಾಡಿರುತ್ತಾರೆ. ನಿಮ್ಮ ಎಸ್‌ಆರ್‌ಟಿ 23.976ಕ್ಕೆ ಬರೆದದ್ದು. ಹತ್ತನೇ ನಿಮಿಷಕ್ಕೆ ಸುಮಾರು 25 ಸೆಕೆಂಡು, 75 ನಿಮಿಷದ ಕಂತು ಮುಗಿಯುವ ಹೊತ್ತಿಗೆ ಸುಮಾರು 3 ನಿಮಿಷ ತಪ್ಪುತ್ತದೆ. ಗುರುತು ಹಿಡಿಯುವುದು ಸುಲಭ: ಉದ್ದಕ್ಕೂ ಒಂದೇ ಅಂತರವಿದ್ದರೆ ಅದು ಬರೀ ತಡ, ವಿಎಲ್‌ಸಿ ಪ್ಲೇಯರಿನಲ್ಲಿ ಜಿ ಮತ್ತು ಎಚ್ ಒತ್ತಿ ಸರಿಪಡಿಸಬಹುದು. ಅಂತರ ಬೆಳೆಯುತ್ತಾ ಹೋದರೆ ಫ್ರೇಮಿನ ತಪ್ಪು. 'ಸಬ್‌ಟೈಟಲ್ ಎಡಿಟ್' ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದು, ಫ್ರೇಮ್ ದರ ಬದಲಿಸುವ ಆಯ್ಕೆಯಲ್ಲಿ 23.976ರಿಂದ 25 ಎಂದು ಕೊಡಿ. ಇದನ್ನು ಅನುವಾದಕ್ಕೆ ಮುಂಚೆಯೇ ಮಾಡಿ ಮುಗಿಸಿ.

ಡಿಸ್ಕಿನ ಇನ್ನೊಂದು ತಂಟೆ ವಲಯ (ರೀಜನ್ ಕೋಡ್). ಅಮೆರಿಕದ್ದು 1, ಬ್ರಿಟನ್ನಿನದು 2, ನಮ್ಮದು 5. ಲ್ಯಾಪ್‌ಟಾಪಿನ ಡ್ರೈವಿನಲ್ಲಿ ವಲಯ ಬದಲಿಸಲು ಸಾಮಾನ್ಯವಾಗಿ ಐದೇ ಅವಕಾಶ, ಐದನೆಯದು ಶಾಶ್ವತ. ಎರಡು ಬಗೆ ಡಿಸ್ಕನ್ನು ವಾರವಾರ ಅದಲುಬದಲು ಹಾಕಿದರೆ ಡ್ರೈವ್ ಒಂದು ಕಡೆ ಕೂತುಬಿಡುತ್ತದೆ.

ಈಗ ಕನ್ನಡ. ಎರಡು ಸಾಲು ಮೀರಬೇಡಿ, ಸಾಲಿಗೆ 35 ಅಕ್ಷರ ಸಾಕು. ಅರವತ್ತು ದಾಟಿದ ಕಣ್ಣಿಗೆ ಎರಡು ಸಾಲು ಓದಲು 4-5 ಸೆಕೆಂಡು ಬೇಕು, ಮಾತು ಮುಗಿದರೂ ಮುಂದಿನ ಮಾತು ಬರುವವರೆಗೆ ನಿಲ್ಲಿಸಿ. ಫೈಲನ್ನು ಯುಟಿಎಫ್-8ನಲ್ಲಿ ಉಳಿಸಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬೆರಳಚ್ಚು ಮಾಡುವವರಿದ್ದರೆ ಅದು ಯೂನಿಕೋಡ್ ಅಲ್ಲ, ಪರದೆ ಮೇಲೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತದೆ. ಮೊದಲು ಪರಿವರ್ತಿಸಿಕೊಳ್ಳಿ. ಪೆನ್‌ಡ್ರೈವ್ ಹಾಕಿ ಟಿವಿಯಲ್ಲೇ ಆಡಿಸುವುದಾದರೆ ಡಬ್ಬಿ ಡಬ್ಬಿ ಕಾಣಬಹುದು, ಅಥವಾ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಸರಿದು ನಿಲ್ಲಬಹುದು. ಟಿವಿಗೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದರ್ಥ. ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿಕೊಂಡ ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ತಂತ್ರಾಂಶದ ಮೂಲಕ ಎಸ್‌ಆರ್‌ಟಿ ಸೇರಿಸಿ, 'ಬರ್ನ್ ಇನ್' ಗುರುತು ಹಾಕಿ. ಅಕ್ಷರ ಚಿತ್ರದಲ್ಲೇ ಅಚ್ಚಾಗುತ್ತದೆ. ಪೂರ್ತಿ ಮಾಡುವ ಮೊದಲು ಎರಡು ನಿಮಿಷದ ತುಣುಕು ಮಾಡಿ 'ಲೆಫ್ಟಿನೆಂಟ್', 'ಸಾಕ್ಷ್ಯ' ಎರಡೂ ಸರಿ ಕಾಣುತ್ತವೆಯೇ ನೋಡಿ. ಕ್ಷ್ಯ ಸರಿ ಬಂದರೆ ಉಳಿದದ್ದೆಲ್ಲ ಬರುತ್ತದೆ.

ನಿಜವಾದ ಕಷ್ಟ ಮಾತಿನದು. 'ಲೆಫ್ಟಿನೆಂಟ್' ಎಂದೇ ಬಿಟ್ಟರೆ ನಮ್ಮವರು ಮಿಲಿಟರಿ ಅಂದುಕೊಳ್ಳುತ್ತಾರೆ. ಕೊಲೆಗಾರರ ಬಾಯಲ್ಲಿ 'ಇನ್‌ಸ್ಪೆಕ್ಟ್ರೇ' ಹಾಕಿ. ಕೊಲಂಬೊ ಎಲ್ಲರಿಗೂ 'ಸಾರ್', 'ಮೇಡಂ', ಯಾವಾಗಲೂ ಬಹುವಚನ. ಮಾತುಮಾತಿಗೆ ಬರುವ, ಒಮ್ಮೆಯೂ ತೆರೆಯ ಮೇಲೆ ಕಾಣಿಸದ ಹೆಂಡತಿ 'ನಮ್ಮನೆಯವಳು'. 'ನನ್ನ ಹೆಂಡತಿ' ಎಂದರೆ ಅರ್ಥ ಬರುತ್ತದೆ, ಆ ಮನುಷ್ಯ ಬರುವುದಿಲ್ಲ.

ಇಂಗ್ಲಿಷಿನ ಒಂದೇ 'ಯೂ'ನಲ್ಲಿ ಕಾಣದ್ದು ಕನ್ನಡದಲ್ಲಿ ಕಾಣಲೇಬೇಕು. ಕೊಲೆಗಾರ ಮೊದಲು 'ಕೂತ್ಕೊಳ್ಳಿ ಇನ್‌ಸ್ಪೆಕ್ಟ್ರೇ' ಅನ್ನುತ್ತಾನೆ. ಮೂರನೇ ಭೇಟಿಗೆ 'ಮತ್ತೆ ಬಂದ್ರಾ'. ಸಹನೆ ಕೆಟ್ಟ ಮೇಲೆ 'ಏನಯ್ಯಾ ಬೇಕು ನಿನಗೆ?' ಈ ಇಳಿಜಾರು ಎಲ್ಲಿಂದ ಶುರು ಅನ್ನೋದನ್ನು ಇಡೀ ಕಂತು ಒಮ್ಮೆ ನೋಡಿ ಗುರುತು ಹಾಕಿಕೊಂಡು ಆಮೇಲೆ ಬರೆಯಿರಿ. ಇಬ್ಬರು ಅರ್ಧರ್ಧ ಹಂಚಿಕೊಂಡು ಬರೆದರೆ ಇದೇ ಮೊದಲು ಹಾಳಾಗುವುದು: 30ನೇ ನಿಮಿಷದಲ್ಲಿ ಏಕವಚನ, 40ರಲ್ಲಿ ಮತ್ತೆ ಬಹುವಚನ. ಜಗ್ಗು ಕುಕ್ಕುವ ದೃಶ್ಯದಲ್ಲಿ ಕೊಲಂಬೊನನ್ನು 'ನೀನು'ಗೆ ಇಳಿಸಬೇಡಿ. ಒಂದೆರಡು 'ಸಾರ್' ತೆಗೆದರೆ ಸಾಕು, ಹಿರಿಯರ ಕಿವಿಗೆ ಗೊತ್ತಾಗುತ್ತದೆ.

ಅವನ ಬಳಸುಮಾತನ್ನು ಜಾಗ ಉಳಿಸಲು ಕತ್ತರಿಸಬೇಡಿ. ಸುಳಿವು ಆ ಹರಟೆಯ ಒಳಗೇ ಇರುತ್ತದೆ.

ಶೀರ್ಷಿಕೆಗಳಲ್ಲಿ 'ಸೂಟಬಲ್ ಫಾರ್ ಫ್ರೇಮಿಂಗ್' ಮಾತ್ರ ಕನ್ನಡಕ್ಕೆ ತಾನಾಗಿ ಬರುತ್ತದೆ. ಚಿತ್ರಕ್ಕೂ ಕಟ್ಟು ಹಾಕಿಸುತ್ತೇವೆ, ತಪ್ಪನ್ನೂ ತಲೆಗೆ ಕಟ್ಟುತ್ತೇವೆ. 'ಕಟ್ಟು' ಎಂದರೆ ಸಾಕು. ಉಳಿದವನ್ನು ಹಾಗೇ ಬಿಡಿ.

ಫ್ಯೂಸ್ ಕ್ಯಾರಿಯರ್ (ಬೇಲೂರು)

ಕರೆಂಟಿನ ಲೆಕ್ಕ. ಪ್ರೊಜೆಕ್ಟರ್ 250 ವ್ಯಾಟ್, ಲ್ಯಾಪ್‌ಟಾಪ್ 60, ಸ್ಪೀಕರ್ 30, ಒಟ್ಟು 340. 150 ಎಎಚ್, 12 ವೋಲ್ಟಿನ ಒಂದು ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ. ಇನ್ವರ್ಟರಿನಲ್ಲಿ ಸೋರುವುದು, ಪೂರ್ತಿ ಇಳಿಸಬಾರದು ಎಂಬುದು ಎಲ್ಲ ಕಳೆದು ಮೂರನೇ ಎರಡು ಭಾಗ ಹಿಡಿಯಿರಿ. ಹೊಸ ಬ್ಯಾಟರಿಯಾದರೆ ಮೂರೂವರೆ ಗಂಟೆ. ನಾಲ್ಕೈದು ವರ್ಷದ್ದಾದರೆ ಅರ್ಧವೂ ನಂಬಬೇಡಿ. ಭಾನುವಾರ ಮಧ್ಯಾಹ್ನ ಅದೇ ಇನ್ವರ್ಟರಿನಲ್ಲಿ ಫ್ಯಾನು, ಟಿವಿ ಓಡಿಸಿ ಸಂಜೆಗೆ ಖಾಲಿ ಮಾಡುವುದು ಮಾಮೂಲಿ ತಪ್ಪು.

ಇನ್ವರ್ಟರಿನ ಹಿಂದೆ 'ಯುಪಿಎಸ್' ಎಂಬ ಸ್ವಿಚ್ಚು ಇದ್ದರೆ ಅದಕ್ಕೆ ತಿರುಗಿಸಿ. ಮಾಮೂಲಿ ಸ್ಥಿತಿಯಲ್ಲಿ ಬದಲಾವಣೆ ನಿಧಾನ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿಯಿದೆ, ತಡೆಯುತ್ತದೆ. ಪ್ರೊಜೆಕ್ಟರ್ ಆರಿಹೋಗುತ್ತದೆ. ಲ್ಯಾಂಪ್ ಇರುವ ಹಳೆಯ ಪ್ರೊಜೆಕ್ಟರಾದರೆ ಫ್ಯಾನೂ ಜೊತೆಗೇ ನಿಂತು ಬಿಸಿ ಒಳಗೇ ಉಳಿಯುತ್ತದೆ, ಲ್ಯಾಂಪಿನ ಆಯುಸ್ಸು ಕಡಿಮೆಯಾಗುತ್ತದೆ. ತಣ್ಣಗಾಗುವವರೆಗೆ ಮತ್ತೆ ಹೊತ್ತಿಕೊಳ್ಳುವುದೂ ಇಲ್ಲ. ಸರಿಯಾಗಿ ಕೊಲಂಬೊ ಜೇಬಿನಿಂದ ಕೈ ತೆಗೆಯುವಾಗಲೇ ಹೀಗಾದರೆ ಬಸ್ಸೂ ತಪ್ಪುತ್ತದೆ, ಕೈಯೂ ಕಾಣುವುದಿಲ್ಲ.

ಶೀಟಿನ ಮೇಲೆ ಮಳೆ ಬಿದ್ದರೆ ಸೌಂಡು ಏರಿಸಿ ಗೆಲ್ಲಲಾಗದು. ಕೊಲಂಬೊದ ಧ್ವನಿ ಹೇಗೂ ಮೋನೊ. ಎರಡು ಸ್ಪೀಕರನ್ನು ಪರದೆಯ ಎರಡು ಬದಿಗೆ ಇಡುವ ಬದಲು ಹಿರಿಯರು ಕೂರುವ ಸಾಲಿನ ಹತ್ತಿರ ತನ್ನಿ, ಬಾಸ್ ಇಳಿಸಿ. ಪರದೆ ಹಳೆಯ 4:3 ಅಳತೆ, ಅಕ್ಕಪಕ್ಕ ಕಪ್ಪುಪಟ್ಟಿ ಬರಲಿ ಬಿಡಿ. 'ಫುಲ್ ಸ್ಕ್ರೀನ್' ಒತ್ತಿ ಎಳೆದರೆ ಪೀಟರ್ ಫಾಕ್ ಕುಂಬಳಕಾಯಿ ಆಗ್ತಾರೆ.

ಗಿರಿಶ್ರೇಣಿ (ಚಿಕ್ಕಮಗಳೂರು)

ಮಳೆ ಹೆಚ್ಚಾಗಿ ತಡವಾಗಿ ಶುರುವಾದ ದಿನಕ್ಕೆ ಒಂದು ಬದಲಿ ಇಟ್ಟುಕೊಳ್ಳಿ: ದೂರದರ್ಶನದ ಪತ್ತೇದಾರಿ ಧಾರಾವಾಹಿ 'ಬ್ಯೋಮಕೇಶ್ ಬಕ್ಷಿ' (1993), ಬಸು ಚಟರ್ಜಿ ನಿರ್ದೇಶನ, ರಜಿತ್ ಕಪೂರ್ ಬ್ಯೋಮಕೇಶ್, ಕೆ.ಕೆ. ರೈನಾ ಅಜಿತ್. ಅರ್ಧ ಗಂಟೆಯ ಸ್ಲಾಟಿನದ್ದು, ಹಿಂದಿ, ನಿಮ್ಮ ಹಿರಿಯರಲ್ಲಿ ಕೆಲವರಾದರೂ ಆಗ ನೋಡಿರುತ್ತಾರೆ. 'ರಾಸ್ತೇ ಕಾ ಕಾಂಟಾ' ಹಾಕಿ. ನಡುಬೀದಿಯಲ್ಲಿ ಗ್ರಾಮಫೋನ್ ಪಿನ್ನು ಎದೆಗೆ ಹೊಕ್ಕು ಜನ ಸಾಯುತ್ತಾರೆ, ಗುಂಡಿನ ಸದ್ದಿಲ್ಲ. ಪಿನ್ನು ಹಾರುವುದು ಸೈಕಲ್ ಬೆಲ್ಲಿನೊಳಗಿಂದ, ಬೆಲ್ಲಿನ ಸದ್ದೇ ಅದರ ಸದ್ದನ್ನು ನುಂಗುತ್ತದೆ. ಅಥವಾ 'ಮಕಡೀ ಕಾ ರಸ್': ಕೋಣೆ ಬಿಟ್ಟು ಹೊರಬರದ ಮುದುಕನಿಗೆ ಜೇಡದ ವಿಷದ ಅಮಲು ಎಲ್ಲಿಂದ ಸಿಗುತ್ತದೆ ಎಂಬ ಒಗಟು. ಅವನು ಬರೆಯುವಾಗ ಏನು ಮಾಡುತ್ತಾನೆ ನೋಡುತ್ತಿರಿ ಅಂತ ಮಾತ್ರ ಹೇಳಿ. ಇದು ಕೊಲಂಬೊ ಜಾತಿಯದಲ್ಲ, ಇಲ್ಲಿ ಅಪರಾಧಿ ಕೊನೆವರೆಗೂ ಮುಚ್ಚಿಟ್ಟ ಗುಟ್ಟು. 

ಮತ್ತೆ ಏಳನೇ ಭಾನುವಾರದ ಮಾತು ಬಂತಲ್ಲ, 'ಆ್ಯನ್ ಎಕ್ಸರ್‌ಸೈಸ್ ಇನ್ ಫೆಟಾಲಿಟಿ' (1974) ಯಾಕೆ ಬೇಡ? ಶೂ ಲೇಸಿನದು. ಸಭೆಯಲ್ಲೇ ಪ್ರಯೋಗ ಮಾಡಿ ತೋರಿಸಬಹುದು.

ಕಡೂರು ಕರಿಕೋಟು

ವ್ಯಾಯಾಮಶಾಲೆಯ ಯಜಮಾನ ಹೆಣಕ್ಕೆ ವ್ಯಾಯಾಮದ ಬಟ್ಟೆ, ಶೂ ತೊಡಿಸುತ್ತಾನೆ. ತಾನೇ ಕಟ್ಟಿಕೊಂಡ ಲೇಸಿಗೂ ಎದುರು ಕೂತವನು ಕಟ್ಟಿದ ಲೇಸಿಗೂ ಕುಣಿಕೆ ಬೀಳುವ ಬದಿ ಬೇರೆ ಎಂಬುದು ವಾದ. ಚೆನ್ನಾಗಿದೆ, ಆದರೆ ಸೂಕ್ಷ್ಮ ನೋಡಿ: ಎದುರಿನವನು ಕಟ್ಟಿದ್ದು ಕನ್ನಡಿಯ ಬಿಂಬವಲ್ಲ, 180 ಡಿಗ್ರಿ ತಿರುಗಿದ್ದು. ಹೆಣದ ಪಕ್ಕ ಅದೇ ದಿಕ್ಕಿಗೆ ಮುಖ ಮಾಡಿ ಕೂತು ಕಟ್ಟಿದ್ದರೆ ಗಂಟು ಸಹಜವಾಗೇ ಬೀಳುತ್ತದೆ. ಎಡಗೈಯವನಾದರೆ ಇಡೀ ವಾದ ತಿರುಗುಮುರುಗು. ಆ ಕಂತಿನಲ್ಲಿ ನಿಜವಾಗಿ ಕೊಲ್ಲುವ ಸಾಕ್ಷ್ಯ ಲೇಸಲ್ಲ. ಸತ್ತವನು ಬಟ್ಟೆ ಬದಲಿಸಿದ್ದ ಎಂಬುದು ಯಾರಿಗೂ ತಿಳಿಯುವ ಮೊದಲೇ ಕೊಲೆಗಾರನಿಗೆ ಗೊತ್ತಿತ್ತು, ಅದು. ಪ್ರಯೋಗ ಮಾಡುವುದಾದರೆ ಬಲಗೈಯ ಇಬ್ಬರನ್ನು ಆರಿಸಿ, ಒಬ್ಬರು ಕುರ್ಚಿಯಲ್ಲಿ, ಇನ್ನೊಬ್ಬರು ಎದುರಿಗೆ ನೆಲದಲ್ಲಿ. ಒಂದು ಶೂ ಅವರೇ ಕಟ್ಟಿಕೊಳ್ಳಲಿ, ಇನ್ನೊಂದನ್ನು ಇವರು ಕಟ್ಟಲಿ.

ಹೇಮಾವತಿ ದಡ (ಹಾಸನ)

ಎಲ್ಲ ಸರಿ ಸಾರ್, ಜುಲೈನಲ್ಲಿ ಹಾಸನದಲ್ಲಿ ಲೇಸಿರೋ ಶೂ ಹಾಕ್ಕೊಂಡು ಯಾರು ಬರ್ತಾರೆ? ಹನ್ನೆರಡು ಜೊತೆ ಹವಾಯಿ ಚಪ್ಪಲಿ ಬಾಗಿಲಲ್ಲಿ ಬಿದ್ದಿರುತ್ತೆ.

ಕಡೂರು ಕರಿಕೋಟು

ಕೆಳಗಿನ ಮನೆ ಮಕ್ಕಳ ಸ್ಕೂಲ್ ಶೂ ಕೇಳಿ. ಭಾನುವಾರ ಅವು ಖಾಲಿ ಇರುತ್ತವೆ. ಪ್ರಯೋಗ ಆದ ಮೇಲೆ ಒಲೆ ಹತ್ತಿರ ಇಟ್ಟು ಒಣಗಿಸಿ ವಾಪಸ್ ಕೊಡಿ, ಸೋಮವಾರ ಬೆಳಿಗ್ಗೆ ಬೇಕಾಗುತ್ತೆ.